ಎಲ್ ಬೋರ್ಡ್ ಅಂಟಿಸಿಕೊಂಡು ಲಿಮೆರಿಕ್‌ಗೆ

ಅಥವಾ ಆ ಟ್ರ್ಯಾಕ್ಟರ್ ನೀಲಿಯೇ ಇತ್ತೇನೋ. ನನ್ನ ಟಿಪ್ಪಣಿ ಪುಸ್ತಕದಲ್ಲಿ ‘ಕೆಂಪು ಟ್ರ್ಯಾಕ್ಟರ್’ ಎಂದಿದೆ. ಬರೆದದ್ದು ನಾನೇ, ಅದೇ ಸಂಜೆ. ಆದರೆ ಈಗ ಕಣ್ಣು ಮುಚ್ಚಿದರೆ ಎರಡು ಬೇಲಿಗಳ ನಡುವಿನಿಂದ ಏರಿ ಬರುವುದು ನೀಲಿ ಟ್ರ್ಯಾಕ್ಟರು. ಅಕ್ಕನ ಮಗಳು ವಿದ್ಯಾಳಿಗೆ ಫೋನ್ ಮಾಡಿ ಕೇಳಿದೆ. ಹಸಿರು ಎಂದಳು, ಅನುಮಾನವೇ ಇಲ್ಲ ಎಂದಳು. ಮೂರು ಅಡಿ ಅಂತರದಲ್ಲಿ ಕೂತು, ಒಂದೇ ಗಾಜಿನ ಮೂಲಕ ಒಂದೇ ಟ್ರ್ಯಾಕ್ಟರನ್ನು ನೋಡಿದವರು ನಾವು.

ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಊರಿಗೆ ಮರಳಿದ ಮೇಲೆ ನೆನಪು ಮನೆ ಗುಡಿಸಲು ಶುರುಮಾಡುತ್ತದೆ. ಬೇಡದ್ದನ್ನು ಹೊರಗೆ ಹಾಕಿ, ಉಳಿದದ್ದನ್ನು ಗೋಡೆಗೆ ಒತ್ತಿ ಜೋಡಿಸಿ, ಎಲ್ಲ ಮೊದಲಿನಿಂದಲೂ ಹೀಗೇ ಇತ್ತು ಎಂದು ಸಾಧಿಸುತ್ತದೆ. ಆ ಚೊಕ್ಕತನದ ಮೇಲೆ ನನಗೆ ನಂಬಿಕೆಯಿಲ್ಲ. ಗಟ್ಟಿಯಾಗಿ ಗೊತ್ತಿರುವುದು ಇಷ್ಟು: ಹಿಂದೆ ಮುಂದೆ ಎಲ್ ಬೋರ್ಡ್ ಅಂಟಿಸಿದ ಒಂದು ಸಣ್ಣ ಕಾರಿನಲ್ಲಿ, ವಿದ್ಯಾ ಓಡಿಸುತ್ತ, ನಾವು ಐರ್ಲೆಂಡಿನ ಡ್ರೋಹೆಡಾದಿಂದ ಲಿಮೆರಿಕ್‌ಗೆ ಹೋದೆವು. ದಾರಿಯುದ್ದಕ್ಕೂ ಹಳೆಯ ದೊಡ್ಡ ಮನೆಗಳನ್ನೂ ಸಣ್ಣ ಊರುಗಳನ್ನೂ ಹುಚ್ಚು ಹಿಡಿದವರ ಹಾಗೆ ನೋಡಿದೆವು. ನಾಲ್ಕನೆಯ ದಿನ, ಗುರುವಾರ ಬೆಳಿಗ್ಗೆ, ಅವಳ ಡ್ರೈವಿಂಗ್ ಪರೀಕ್ಷೆ ಇತ್ತು.

ಡ್ರೋಹೆಡಾ

ವಿದ್ಯಾ ದಾವಣಗೆರೆಯಲ್ಲಿ ಎಂಬಿಬಿಎಸ್ ಓದಿದವಳು. ನಾಲ್ಕು ವರ್ಷದಿಂದ ಡ್ರೋಹೆಡಾದ ಆಸ್ಪತ್ರೆಯಲ್ಲಿ ಡಾಕ್ಟರು. ಗಂಡ ಡಬ್ಲಿನ್ನಿನ ಗ್ರ್ಯಾಂಡ್ ಕೆನಾಲ್ ಡಾಕ್‌ನಲ್ಲಿ ಒಂದು ಕಂಪನಿಯ ಕೆಲಸದಲ್ಲಿದ್ದಾನೆ. ವಾರವಿಡೀ ಅಲ್ಲೇ ಇದ್ದು ಸೈಕಲ್ಲಿನಲ್ಲಿ ಓಡಾಡುತ್ತಾನೆ. ಕಾರು ಓಡಿಸಲು ಅವನಿಗೆ ಬರುವುದೂ ಇಲ್ಲ, ಬೇಕಾಗಿಯೂ ಇಲ್ಲ. ವಿದ್ಯಾಳಿಗೆ ಬೇಕಾಗಿತ್ತು. ಎರಡು ವರ್ಷ ಪ್ರಯತ್ನಪಟ್ಟು ಅವಳಿಗೆ ಲಿಮೆರಿಕ್‌ನಲ್ಲಿ ಅರಿವಳಿಕೆ ವಿಭಾಗದ ತರಬೇತಿ ಸಿಕ್ಕಿತ್ತು, ಜುಲೈಯಿಂದ. ಬಾಡಿಗೆಗೆ ಸಿಕ್ಕ ಮನೆ ಊರಿನಾಚೆ. ಕರೆ ಬಂದರೆ ಅರ್ಧ ಗಂಟೆಯೊಳಗೆ ಆಸ್ಪತ್ರೆಯಲ್ಲಿರಬೇಕು. ಬಸ್ಸನ್ನು ನಂಬಿ ಒಪ್ಪಿಕೊಳ್ಳುವ ಕೆಲಸವಲ್ಲ ಅದು.

ದಾವಣಗೆರೆಯಲ್ಲಿ ಏಳು ವರ್ಷ ಕಾರು ಓಡಿಸಿದವಳು ಇಲ್ಲಿ ಮತ್ತೆ ಕಲಿಯುವವಳಾಗಿದ್ದಳು. ಎರಡು ಸಲ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಮೂರನೆಯದಕ್ಕೆ ಬೇಗ ದಿನ ಸಿಕ್ಕಿದ್ದು ಲಿಮೆರಿಕ್‌ನಲ್ಲೇ. ಅದೂ ಹೋದರೆ ಎಂದು ತರಬೇತಿಯವರಿಗೆ ಒಂದು ಪತ್ರ ಬರೆದು ಫೋನಿನಲ್ಲಿ ಇಟ್ಟುಕೊಂಡಿದ್ದಳು: ವೈಯಕ್ತಿಕ ಕಾರಣಗಳಿಂದ ಈ ಸ್ಥಾನವನ್ನು ಬಿಟ್ಟುಕೊಡುತ್ತಿದ್ದೇನೆ, ಕ್ಷಮಿಸಿ. ನಾನು ಬಂದಿಳಿದ ದಿನವೇ ಅದನ್ನು ತೋರಿಸಿ, ಇಂಗ್ಲಿಷ್ ಸರಿಯಿದೆಯಾ ನೋಡಿ ಎಂದಳು. ಇಂಗ್ಲಿಷ್ ಸರಿಯಿತ್ತು.

ಕಲಿಯುವವರು ಇಲ್ಲಿ ಒಬ್ಬರೇ ಕಾರು ತೆಗೆಯುವಂತಿಲ್ಲ. ಪೂರ್ತಿ ಲೈಸೆನ್ಸ್ ಇರುವವರು ಪಕ್ಕದ ಸೀಟಿನಲ್ಲಿ ಕೂರಬೇಕು. ಮೋಟರ್‌ವೇಗೆ, ಅಂದರೆ ವೇಗದ ದೊಡ್ಡ ಹೆದ್ದಾರಿಗೆ, ಹತ್ತುವಂತೆಯೂ ಇಲ್ಲ. ಅವಳ ಪಕ್ಕದ ಸೀಟಿನಲ್ಲಿ ಒಂದು ವರ್ಷದಿಂದ ಕೂರುತ್ತಿದ್ದವರು ಪಕ್ಕದ ಮನೆಯ ನೊರೀನ್. ವಯಸ್ಸು ಅರವತ್ತೆಂಟು, ಮೂವತ್ತು ವರ್ಷ ಶಾಲೆಯ ಬಸ್ ಓಡಿಸಿ ನಿವೃತ್ತರಾದವರು, ಒಬ್ಬರೇ ಇದ್ದಾರೆ. ವಿದ್ಯಾ ನನ್ನೊಡನೆ ಮಾತಾಡುವಾಗ ಅವರನ್ನು ನೊರೀನಮ್ಮ ಎನ್ನುತ್ತಿದ್ದಳು. ನೊರೀನ್ ನನ್ನನ್ನು ‘ಚಿಕ್ಕಮ್ಮ’ ಎಂದೇ ಕರೆದರು, ಅದು ನನ್ನ ಹೆಸರೆಂದು ತಿಳಿದು, ನಾನೂ ತಿದ್ದಲಿಲ್ಲ. ಅವರ ಇಂಗ್ಲಿಷನ್ನು ಇಲ್ಲಿ ನಾನು ತುಮಕೂರಿನ ಕನ್ನಡಕ್ಕೆ ತಂದಿದ್ದೇನೆ. ಅವರು ಒಪ್ಪುತ್ತಾರೆಂದು ಎಣಿಸುತ್ತೇನೆ.

ಮೋಟರ್‌ವೇ ಇಲ್ಲದೆ ಲಿಮೆರಿಕ್‌ಗೆ ಹೋಗುವುದೆಂದರೆ ದೇಶದ ಹೊಟ್ಟೆಯನ್ನು ಸಣ್ಣ ರಸ್ತೆಗಳಲ್ಲಿ ಹಾಯ್ದು ಹೋಗುವುದು. ಹೇಗೂ ಚಿಕ್ಕಮ್ಮ ಬಂದಿದ್ದಾರೆ, ನಾಲ್ಕು ದಿನ ಮಾಡೋಣ, ದಾರಿಯಲ್ಲಿ ದೊಡ್ಡ ಮನೆಗಳನ್ನು ನೋಡೋಣ, ಹುಡುಗಿಗೆ ಅಭ್ಯಾಸವೂ ಆಗುತ್ತದೆ ಎಂದವರು ನೊರೀನ್. ಆ ಮನೆಗಳ ಮೇಲೆ ಅವರಿಗೆ ಹಳೆಯ ಸೇಡಿತ್ತು.

“ಮೂವತ್ತು ವರ್ಷ ಆ ಗೇಟುಗಳ ಮುಂದೆ ಬಸ್ ತಿರುಗಿಸಿದ್ದೀನಿ,” ಎಂದರು. “ಒಂದು ದಿನಾನೂ ಒಳಗೆ ಹೋಗಿಲ್ಲ.”

ಹೀಗೆ ನನ್ನ ಪ್ರವಾಸವೆಂಬುದು ಇನ್ನೊಬ್ಬರ ಡ್ರೈವಿಂಗ್ ಕ್ಲಾಸಿನ ಹಿಂದಿನ ಸೀಟಿನಲ್ಲಿ ಶುರುವಾಯಿತು. ಇಂಥ ಒಳ್ಳೆಯ ಸೀಟು ನನಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಮೊದಲ ಗೇಟು

ಊರು ಬಿಟ್ಟ ಹತ್ತು ನಿಮಿಷಕ್ಕೆ ವಿದ್ಯಾ ಗಾಬರಿಯಾದಳು. ಎದುರಿಗೆ ಬರುವ ಕಾರುಗಳವರೆಲ್ಲ ತನಗೆ ಏನೋ ಸನ್ನೆ ಮಾಡುತ್ತಿದ್ದಾರೆ, ಬಾಗಿಲು ತೆರೆದಿದೆಯೋ, ಟೈರು ಇಳಿದಿದೆಯೋ ಎಂದಳು. ನಾನೂ ನೋಡಿದೆ. ಪ್ರತಿಯೊಬ್ಬ ಚಾಲಕನೂ ಸ್ಟಿಯರಿಂಗಿನ ಮೇಲಿಂದ ಒಂದೇ ಒಂದು ತೋರುಬೆರಳನ್ನು ಒಂದು ಅಂಗುಲ ಎತ್ತಿ ಇಳಿಸುತ್ತಿದ್ದ. ಮುಖದಲ್ಲಿ ನಗುವಿಲ್ಲ, ಕತ್ತು ಅಲುಗುವುದಿಲ್ಲ, ಬೆರಳು ಮಾತ್ರ. ಅದು ನಮಸ್ಕಾರವಂತೆ. ಹಳ್ಳಿ ರಸ್ತೆಯಲ್ಲಿ ಗುರುತಿರಲಿ ಇಲ್ಲದಿರಲಿ, ಬೆರಳೆತ್ತಬೇಕು. ನಮ್ಮ ಸಾರಿಗೆ ಬಸ್ಸಿನ ಡ್ರೈವರುಗಳು ಎದುರಾದಾಗ ಕೈ ಎತ್ತುವುದಿಲ್ಲವೇ, ಹಾಗೆ. ಆದರೆ ಇವರದು ಕೈಯನ್ನೂ ಉಳಿಸಿಕೊಂಡ ನಮಸ್ಕಾರ. ಹಿಂದಿನ ಸೀಟಿನಿಂದ ನಾನೂ ಬೆರಳೆತ್ತಲು ಶುರುಮಾಡಿದೆ. ಯಾರಿಗೂ ಕಾಣುವುದಿಲ್ಲವೆಂದು ಗೊತ್ತಿತ್ತು. ಆದರೂ ಬಿಡಲಾಗಲಿಲ್ಲ.

ಮೊದಲ ಮನೆ ನೊರೀನ್ ಬಸ್ ತಿರುಗಿಸುತ್ತಿದ್ದ ಗೇಟಿನ ಒಳಗಿನದೇ. ಈಗ ಬೇಸಿಗೆಯಲ್ಲಿ ಕೆಲವು ದಿನ ಸಾರ್ವಜನಿಕರಿಗೆ ತೆರೆಯುತ್ತಾರೆ. ಗೇಟು ದಾಟಿದ ಕೂಡಲೇ ನೊರೀನ್ ಕಿಟಕಿಯ ಗಾಜು ಇಳಿಸಿದರು. ಮರಗಳ ಸಾಲು, ಮತ್ತೆ ಮರಗಳ ಸಾಲು, ತಿರುವು, ಆಮೇಲೆ ಒಮ್ಮೆಲೇ ಮನೆ: ಬೂದು ಕಲ್ಲು, ಎಣಿಸಲು ಬೇಸರವಾಗುವಷ್ಟು ಕಿಟಕಿ, ಮುಂದೆ ಜಲ್ಲಿ ಹಾಸಿದ ವಿಶಾಲ ಅಂಗಳ. ನೊರೀನ್ ಇಳಿದು ಅಂಗಳದ ಮಧ್ಯೆ ನಿಂತರು. ಮನೆಗೆ ಬೆನ್ನು ತಿರುಗಿಸಿ ಅಗಲ ಅಳೆದರು.

“ಇಷ್ಟು ಜಾಗ ಇಟ್ಕೊಂಡು ನನ್ನನ್ನ ರಸ್ತೇಲಿ ಬಸ್ ತಿರುಗಿಸೋ ಹಾಗೆ ಮಾಡಿದ್ರಲ್ಲ,” ಎಂದರು. “ಇಲ್ಲಿ ಒಂದೇ ಸಲಕ್ಕೆ ತಿರುಗ್ತಿತ್ತು.”

ಒಳಗೆ ತೋರಿಸುವಾಕೆ ಚಿತ್ರಗಳನ್ನೂ ಪಿಂಗಾಣಿಯನ್ನೂ ವಿವರಿಸಿದಳು. ನನಗೆ ನೆನಪಿರುವುದು ನೆಲಮಾಳಿಗೆ. ಅಡುಗೆಮನೆಯ ಓಣಿಯ ಗೋಡೆಗೆ ಸಾಲಾಗಿ ಗಂಟೆಗಳು, ಪ್ರತಿ ಗಂಟೆಯ ಕೆಳಗೆ ಒಂದು ಕೋಣೆಯ ಹೆಸರು. ಮೇಲೆ ಯಾರೋ ಹಗ್ಗ ಎಳೆದರೆ ಇಲ್ಲಿ ಯಾರೋ ಓಡಬೇಕು. ವಿದ್ಯಾ ಆ ಸಾಲಿನ ಮುಂದೆ ಬಹಳ ಹೊತ್ತು ನಿಂತಿದ್ದಳು. ವಾರ್ಡಿನಲ್ಲೂ ಹೀಗೇ ಒಂದು ಬೋರ್ಡಿದೆ ಚಿಕ್ಕಮ್ಮ, ಆದರೆ ಅದರಲ್ಲಿ ದೀಪ ಹೊತ್ತುತ್ತದೆ ಎಂದಳು. ಅಲ್ಲಿಂದ ಕುದುರೆಲಾಯದವರೆಗೆ ನೆಲದಡಿ ಒಂದು ಸುರಂಗವೂ ಇತ್ತು, ಆಳುಗಳು ಹುಲ್ಲುಹಾಸಿನ ಮೇಲೆ ನಡೆದು ಯಜಮಾನರ ನೋಟ ಕೆಡಿಸಬಾರದೆಂದು. ನೊರೀನ್ ಅದರೊಳಗೆ ಹೋಗಲಿಲ್ಲ. ಹುಲ್ಲಿನ ಮೇಲೆ ಉದ್ದಕ್ಕೂ ನಡೆದು ಆಚೆ ತುದಿಯಲ್ಲಿ ನಮಗಾಗಿ ಕಾದರು. ಸುರಂಗದಿಂದ ಹೊರಬಂದ ನಮಗೆ ಮೊದಲು ಕಂಡದ್ದು ಅವರ ಬಿಳಿಯ ಬೂಟು.

ಹಸಿರು ಬೆಂಚಿನ ಊರು

ಎರಡನೆಯ ದಿನ ಊರುಗಳ ದಿನ. ಅವುಗಳ ಹೆಸರು ಪುಸ್ತಕದಲ್ಲಿವೆ, ಆದರೆ ಯಾವ ಹೆಸರು ಯಾವ ಊರಿನದು ಎಂಬುದು ಈಗ ಕಲಸಿಹೋಗಿದೆ. ಒಂದೇ ಬೀದಿ, ಎರಡೂ ಬದಿ ಒಂದಕ್ಕೊಂದು ಅಂಟಿಕೊಂಡ ಮನೆಗಳು, ಪ್ರತಿಯೊಂದಕ್ಕೂ ಬೇರೆ ಬಣ್ಣ. ಹಳದಿಯ ಪಕ್ಕ ನೇರಳೆ ಬಳಿಯುವ ಧೈರ್ಯ ನಮ್ಮಲ್ಲಿ ಇತ್ತೀಚಿನದು, ಇವರದು ಹಳೆಯದು. ಒಂದು ಅಂಗಡಿಯ ಹಲಗೆಯ ಮೇಲೆ ಒಬ್ಬನೇ ಮಾಲೀಕನ ಹೆಸರಿನ ಕೆಳಗೆ ದಿನಸಿ, ಮದ್ಯ, ಶವಸಂಸ್ಕಾರ ಎಂದಿತ್ತು. ಓದಿ ನನಗೆ ಖುಷಿಯೋ ಖುಷಿ. ಮೂರು ಬೇರೆ ಅಂಗಡಿ ಅಲೆಯುವ ತಾಪತ್ರಯವಿಲ್ಲ. ಇದರಲ್ಲಿ ನಗುವಂಥದ್ದೇನು ಎಂದು ನೊರೀನ್ ಕೇಳಿದರು. ತಮ್ಮ ತಂದೆಯ ಶವಸಂಸ್ಕಾರ ಅಂಥ ಕಡೆಯೇ ಆಗಿತ್ತು, ಎಲ್ಲ ಸಲೀಸಾಗಿ ನಡೆಯಿತು ಎಂದರು.

ಇನ್ನೊಂದು ಊರಿನಲ್ಲಿ ಅರ್ಧ ಊರೇ ಬೀದಿಗಿಳಿದಿತ್ತು. ಕುಂಡಗಳಿಗೆ ಹೂವಿಡುವವರು, ಸೇತುವೆಯ ಕಂಬಿ ಉಜ್ಜುವವರು, ಕಲ್ಲುಗಳ ನಡುವಿನ ಕಳೆಯನ್ನು ಚಾಕುವಿನಲ್ಲಿ ಕೀಳುವವರು. ದೇಶದ ಚೊಕ್ಕ ಊರಿಗೆ ಬಹುಮಾನವಿದೆಯಂತೆ, ತೀರ್ಪುಗಾರರು ಹೇಳದೆ ಕೇಳದೆ ಬರುತ್ತಾರಂತೆ. ಅಪರಿಚಿತರು ಇಳಿದರೆ ಊರೆಲ್ಲ ಸೆಟೆದು ನಿಲ್ಲುತ್ತದೆ. ನಾನು ರೇಷ್ಮೆ ಸೀರೆಯಲ್ಲಿದ್ದೆ, ಕೈಯಲ್ಲಿ ಪುಸ್ತಕ, ಪೆನ್ನು. ಒಬ್ಬ ಹೆಂಗಸು ಓಡಿ ಬಂದು ಹೂಗಳ ಹೆಸರು ಹೇಳತೊಡಗಿದಳು. ಇನ್ನೊಬ್ಬ ತನ್ನ ಮನೆಯ ಹಿಂದಿನ ಕಾಂಪೋಸ್ಟ್ ಗುಂಡಿ ತೋರಿಸಿದ. ನಾನು ತೀರ್ಪುಗಾರಳಲ್ಲ ಎಂದು ಎಷ್ಟು ಹೇಳಿದರೂ, ಹೌದೌದು, ನೀವು ಹಾಗೇ ಹೇಳಬೇಕಲ್ಲ ಎಂಬಂತೆ ತಲೆಯಾಡಿಸಿದರು. ಆ ಗಡಿಬಿಡಿಯಲ್ಲಿ ನಾನು ಬೀದಿ ಬದಿಯ ಬೆಂಚಿನ ಮೇಲೆ ಕೂತೆ. ಆಗಷ್ಟೇ ಬಣ್ಣ ಬಳಿದ ಬೆಂಚು. ಎದ್ದಾಗ ಸೀರೆಯ ಹಿಂಭಾಗದಲ್ಲಿ ಮೂರು ಹಸಿರು ಪಟ್ಟೆ. ಊರೇ ಸ್ತಬ್ಧವಾಯಿತು. ಅವರಿಗೆ ಸೀರೆಗಿಂತ ಹೆಚ್ಚು ಚಿಂತೆಯಾದದ್ದು ಬಹುಮಾನದ್ದು, ಅದು ಮುಖದಲ್ಲೇ ಕಾಣುತ್ತಿತ್ತು. ಬೆಂಚಿನಲ್ಲಿ ನಾನು ಮಾಡಿದ ಕಲೆಯನ್ನು ಮುಚ್ಚಲು ಒಬ್ಬಾಕೆ ಬ್ರಷ್ ಹಿಡಿದು ಬಂದಾಗ, ಕೊಡಿ ನಾನೇ ಬಳಿಯುತ್ತೇನೆ ಎಂದೆ. ಐರ್ಲೆಂಡಿನ ಒಂದು ಊರಿನ ಒಂದು ಬೆಂಚಿನ ಎರಡು ಹಲಗೆ ನನ್ನ ಕೈಯದು. ಎಲ್ಲಿ ಅಂತ ಕೇಳಬೇಡಿ.

ಆ ಸೀರೆಯನ್ನು ಹಾಗೇ ಉಟ್ಟು ಕಾರಿನಲ್ಲಿ ಹಳೆಯ ಪತ್ರಿಕೆ ಹಾಸಿಕೊಂಡು ಕೂತಿದ್ದಾಗ ವಿದ್ಯಾ ತಾನು ಫೇಲಾದ ಕಥೆ ಹೇಳಿದಳು. ಎರಡು ಸಲವೂ ಒಂದೇ ಕಾರಣ: ಮುಂದುವರಿಯುವ ಅವಕಾಶವಿದ್ದರೂ ಮುಂದುವರಿಯಲಿಲ್ಲ. ತಾನು ಎಲ್ಲಿ ನಿಂತೆ, ಯಾಕೆ ನಿಂತೆ ಎಂಬುದು ಅವಳಿಗೇ ಹೊಳೆಯುತ್ತಿರಲಿಲ್ಲ. ಎಲ್ಲ ಸರಿಯಾಗೇ ಮಾಡಿದೆ ಅನ್ನಿಸುತ್ತದೆ, ಆಮೇಲೆ ಕಾಗದ ನೋಡಿದರೆ ಇಲ್ಲ ಎಂದಳು. ನೊರೀನ್ ಕಿಟಕಿಯಾಚೆ ನೋಡುತ್ತ, “ಗ್ರ್ಯಾಂಡ್ ಆಗುತ್ತೆ,” ಎಂದರು. ಗ್ರ್ಯಾಂಡ್ ಎಂದರೆ ಸರಿಹೋಗುತ್ತದೆ ಎಂದಷ್ಟೇ, ಇಲ್ಲಿ ಎಲ್ಲದಕ್ಕೂ ಅದೇ ಮಾತು. ಆದರೆ ಆ ರಾತ್ರಿ ಊಟದಲ್ಲಿ ಅವರು ಮಾಮೂಲಿನಂತೆ ಹರಟಲಿಲ್ಲ.

ಟಿಪ್ಪರರಿಯ ಒಂದು ಓಣಿ

ಈಗ ಟ್ರ್ಯಾಕ್ಟರು.

ಮೂರನೆಯ ದಿನ ಬೆಳಿಗ್ಗೆ, ಟಿಪ್ಪರರಿ ಜಿಲ್ಲೆಯಲ್ಲಿ. ಓಣಿ ಎಂದರೆ ಒಂದು ಕಾರಿನ ಅಗಲ, ಎರಡೂ ಕಡೆ ಆಳೆತ್ತರದ ಬೇಲಿ, ಮಧ್ಯದಲ್ಲಿ ಹುಲ್ಲಿನ ಜುಟ್ಟು. ಮುಂದೆ ರಸ್ತೆ ಸ್ವಲ್ಪ ಅಗಲವಾಗುವಲ್ಲಿ ಟ್ರ್ಯಾಕ್ಟರೊಂದು ಬದಿಗೆ ಸರಿದು ನಿಂತಿತ್ತು, ಹಿಂದೆ ಟ್ರೇಲರ್ ತುಂಬ ಹುಲ್ಲಿನ ಸುರುಳಿ. ನಮ್ಮನ್ನು ಕಂಡು ಅದು ಎರಡು ಸಲ ಲೈಟ್ ಹೊಡೆಯಿತು. ವಿದ್ಯಾ ಬ್ರೇಕ್ ಒತ್ತಿದಳು. ರಿವರ್ಸ್ ಹಾಕಿ ಹಿಂದಕ್ಕೆ ಹೊರಟಳು.

ಹಿಂದಕ್ಕೆ ಹೋಗುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಕತ್ತು ತಿರುಗಿಸಿ, ನನ್ನ ಕಿವಿಯ ಪಕ್ಕದಿಂದ ಹಿಂದಿನ ಗಾಜನ್ನು ನೋಡುತ್ತ, ದಾರದಲ್ಲಿ ಎಳೆದ ಹಾಗೆ ಹೋದಳು. ಟ್ರ್ಯಾಕ್ಟರಿನವನು ಸ್ವಲ್ಪ ಹೊತ್ತು ಕಾದ. ತಾನೇ ಮೊದಲು ಬರಲಿ ಎಂಬುದು ಈಕೆಯ ಆಸೆ ಎಂದುಕೊಂಡನೋ ಏನೋ, ಮೆಲ್ಲಗೆ ಮುಂದೆ ಬಂದ. ಮತ್ತೊಂದು ಅಗಲವಾದ ಜಾಗದಲ್ಲಿ ನಿಂತು ಮತ್ತೆ ಲೈಟ್ ಹೊಡೆದ. ವಿದ್ಯಾ ಮತ್ತೂ ಹಿಂದಕ್ಕೆ ಹೋದಳು. ನೊರೀನ್ ತುಟಿ ಬಿಚ್ಚಲಿಲ್ಲ. ರಿವರ್ಸ್ ಹೋಗುವವರನ್ನು ಮಾತಾಡಿಸಬಾರದು ಎಂಬುದು ಅವರ ಮೂವತ್ತು ವರ್ಷದ ನಿಯಮ. ಎಡಕ್ಕೆ ಎರಡು ಕಲ್ಲು ಕಂಬಗಳ ಗೇಟು ಕಂಡಿತು. ವಿದ್ಯಾ ಅದರೊಳಗೆ ಹಿಮ್ಮುಖವಾಗಿಯೇ, ಒಂದೇ ತಿರುವಿನಲ್ಲಿ ಹೊಕ್ಕು ನಿಂತಳು. ಇನ್ನು ಅವನು ನೇರ ಹೋಗಲಿ ಎಂದು ಉಸಿರುಬಿಟ್ಟಳು.

ಅವನು ನೇರ ಹೋಗಲಿಲ್ಲ. ಅದೇ ಗೇಟಿಗೆ ತಿರುಗಿದ. ಅವನು ಹುಲ್ಲು ತಂದದ್ದೇ ಆ ಮನೆಗೆ. ನಮ್ಮನ್ನು ನೋಡಿ, ಪಾಪ, ಹೊರಗೆ ಬನ್ನಿ ಎಂದು ಲೈಟ್ ಹೊಡೆದ.

ಮರಗಳ ನಡುವಿನ ಆ ಉದ್ದನೆಯ ದಾರಿಯನ್ನು ನಾವು ಹಿಮ್ಮುಖವಾಗಿಯೇ ಏರಿದೆವು: ಮುಂದೆ ಟ್ರ್ಯಾಕ್ಟರಿನ ದೀಪ, ಹಿಂದೆ ಏನಿದೆಯೋ ಗೊತ್ತಿಲ್ಲ. ದೊಡ್ಡ ಮನೆಯನ್ನು ಬೆನ್ನಿನಿಂದ ಸಮೀಪಿಸಿದ ಪ್ರವಾಸಿಗಳು ನಾವೇ ಮೊದಲಿರಬೇಕು. ಚಕ್ರದಡಿ ಜಲ್ಲಿಯ ಸದ್ದು ಬಂತು. ಕಾರು ನಿಂತಿತು. ತಿರುಗಿ ನೋಡಿದರೆ ಹಿಂದಿನ ಗಾಜಿನ ತುಂಬ ಕಲ್ಲಿನ ಮೆಟ್ಟಿಲುಗಳು. ಮೆಟ್ಟಿಲ ಮೇಲೆ ರಬ್ಬರ್ ಬೂಟು, ಮೊಣಕೈ ಹರಿದ ಸ್ವೆಟರಿನ ಒಬ್ಬ ಮುದುಕಿ, ಅವರ ಪಕ್ಕ ಅಷ್ಟೇ ಮುದಿಯಾದ ನಾಯಿ.

“ಸಾಮಾನ್ಯವಾಗಿ ಜನ ಮುಂದಾಗಿ ಬರ್ತಾರೆ,” ಎಂದರು ಆಕೆ.

ಹೆಸರು ಬರೆಯಬಾರದ ಮನೆ

ಇದು ನೋಡಲು ತೆರೆದ ಮನೆಯಲ್ಲ, ಹೆಸರು ಹಾಕಬೇಡಿ ಎಂದು ಆಕೆ ಕೇಳಿಕೊಂಡಿದ್ದಾರೆ. ಹಾಕುವುದಿಲ್ಲ.

ಒಳಗೆ ಬನ್ನಿ, ಚಹಾ ಕುಡಿಯಿರಿ ಎಂದರು. ನೊರೀನ್ ಬೇಡ ಬೇಡ, ತೊಂದರೆ ಬೇಡ ಎಂದರು. ಆಕೆ ಮತ್ತೆ ಕರೆದರು. ನೊರೀನ್ ಮತ್ತೆ ಬೇಡವೆಂದರು, ಆದರೆ ಈ ಸಲ ಒಂದು ಕಾಲು ಮೆಟ್ಟಿಲ ಮೇಲಿತ್ತು. ನನಗೆ ರೋಮಾಂಚನವಾಯಿತು. ಇದು ನಮ್ಮ ಮನೆಯದೇ ಆಟ! ಕಾಫಿಯನ್ನು ಎರಡು ಸಲ ಬೇಡವೆಂದು ಮೂರನೆಯದಕ್ಕೆ ‘ಒಂದರ್ಧ ಲೋಟ’ ಎನ್ನುವ ಶಾಸ್ತ್ರವನ್ನು ಸಮುದ್ರಗಳಾಚೆ ಯಾರು ಇವರಿಗೆ ಹೇಳಿಕೊಟ್ಟರು? ನಾನೂ ಸೇರಿಕೊಂಡು ಬೇಡವೆಂದೆ. ಆಟ ಮೂರನೆಯ ಸುತ್ತಿಗೆ ಬರುವಷ್ಟರಲ್ಲಿ ವಿದ್ಯಾ, ನನಗೆ ಬೇಕು, ತಲೆ ಸುತ್ತುತ್ತಿದೆ ಎಂದು ಒಳಗೆ ನಡೆದಳು. ನಾನೂ ನೊರೀನೂ ಒಟ್ಟಿಗೆ ಅವಳನ್ನು ದುರುಗುಟ್ಟಿ ನೋಡಿದೆವು.

ಆ ಮನೆಯ ಒಳಗನ್ನು ಕ್ರಮವಾಗಿ ಹೇಳಲಾರೆ. ಜೌಗುನೆಲದಿಂದ ಅಗೆದು ತೆಗೆದ, ಈಗ ಜಗತ್ತಿನಲ್ಲಿಲ್ಲದ ಜಿಂಕೆಯೊಂದರ ಕೊಂಬು, ಎತ್ತಿನ ಗಾಡಿಯ ನೊಗಕ್ಕಿಂತ ಅಗಲ. ಅದರ ಒಂದು ತುದಿಗೆ ಒದ್ದೆ ಛತ್ರಿ ನೇತುಹಾಕಿತ್ತು. ಮಹಡಿ ಮೆಟ್ಟಿಲಿನ ಮೇಲೆ ಬಕೆಟ್ಟು, ಪಾತ್ರೆ, ಮಗುವನ್ನು ಮೀಯಿಸುವ ತೊಟ್ಟಿ, ಪ್ರತಿಯೊಂದರಲ್ಲೂ ಬೇರೆ ಬೇರೆ ಸ್ವರದಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ಒಂದು ಕೋಣೆಯ ಚಾವಣಿ ಕುಸಿದು ಆಕಾಶ ಒಳಗೆ ಬಂದಿತ್ತು. ಆಕೆ ಬಾಗಿಲು ತೆರೆದು ತೋರಿಸಿ, ಇದು ಊಟದ ಕೋಣೆ ಎಂದು ಮತ್ತೆ ಮುಚ್ಚಿದರು. ಒಬ್ಬ ಮೀಸೆಯ ಅಧಿಕಾರಿಯ ಚಿತ್ರದ ಕೆಳಗೆ ‘ಮದ್ರಾಸ್’ ಎಂದಿತ್ತು. ಅದರ ಮುಂದೆ ಇಬ್ಬರೂ ಸ್ವಲ್ಪ ಹೆಚ್ಚು ಹೊತ್ತು ನಿಂತೆವು. ಅಷ್ಟು ದೊಡ್ಡ ಮನೆಯಲ್ಲಿ ಆಕೆ ವಾಸಿಸುವುದು ಅಡುಗೆಮನೆಯಲ್ಲಿ, ಒಲೆಯ ಪಕ್ಕ. ಗಂಟೆಗಳ ಸಾಲು ಇಲ್ಲೂ ಇತ್ತು. ಒಂದು ಮಾತ್ರ ಕೆಲಸ ಮಾಡುತ್ತದೆ, ಅದು ನಾಯಿಯನ್ನು ಊಟಕ್ಕೆ ಕರೆಯಲು.

ಚಹಾ ಕುಡಿಯುವಾಗ ಪರೀಕ್ಷೆಯ ಮಾತು ಬಂತು. ನಾನು ಪರೀಕ್ಷೆಯನ್ನೇ ಕೊಟ್ಟಿಲ್ಲವಲ್ಲ ಎಂದರು ಆಕೆ. ಹಿಂದೆ ಯಾವಾಗಲೋ ಕಾಯುವವರ ಸಾಲು ತೀರ ಉದ್ದವಾಯಿತೆಂದು ಸರಕಾರ ಕಾಯುತ್ತಿದ್ದವರಿಗೆಲ್ಲ ಪರೀಕ್ಷೆಯಿಲ್ಲದೆಯೇ ಲೈಸೆನ್ಸ್ ಹಂಚಿಬಿಟ್ಟಿತಂತೆ. ವಿದ್ಯಾ ಕಪ್ಪನ್ನು ಕೆಳಗಿಟ್ಟು ಕನ್ನಡದಲ್ಲಿ ನನ್ನತ್ತ ತಿರುಗಿದಳು.

“ನೋಡಿ ಚಿಕ್ಕಮ್ಮ. ಅರ್ಧ ದೇಶಕ್ಕೆ ಹಾಗೇ ಕೊಟ್ಟವ್ರೆ. ನಂಗೆ ಮಾತ್ರ ಕನ್ನಡಿ ನೋಡಿಲ್ಲ, ಮುಂದೆ ಹೋಗಿಲ್ಲ ಅಂತಾರೆ.”

ಆಗ ನೊರೀನ್, ಅಲ್ಲಿಯವರೆಗೆ ಕಾದಿದ್ದವರು, ಮೆಲ್ಲಗೆ ಕೇಳಿದರು: ಅವನು ಲೈಟ್ ಹೊಡೆದಾಗ ನಿನಗೆ ಏನು ಅರ್ಥವಾಯಿತು?

ವಿದ್ಯಾ ಹಣೆ ಚಚ್ಚಿಕೊಂಡಳು. ನನಗೂ ಅದೇ ಕ್ಷಣಕ್ಕೆ ಹೊಳೆಯಿತು. ನಮ್ಮಲ್ಲಿ ಎದುರಿನ ಲಾರಿ ಲೈಟ್ ಹೊಡೆದರೆ ‘ನಾನು ಬರುತ್ತಿದ್ದೇನೆ, ನೀನು ನಿಲ್ಲು’ ಎಂದರ್ಥ. ಅದನ್ನು ತಿಳಿಯದವನು ದಾವಣಗೆರೆಯ ರಸ್ತೆಯಲ್ಲಿ ಒಂದು ವಾರ ಬದುಕಲಾರ. ಇಲ್ಲಿ ಅದಕ್ಕೆ ತದ್ವಿರುದ್ಧ: ನಾನು ನಿಂತಿದ್ದೇನೆ, ನೀನು ಬಾ. ಬೆಳಿಗ್ಗೆಯಿಂದ ಆ ಮನುಷ್ಯ ದಾರಿ ಬಿಡುತ್ತಲೇ ಇದ್ದ. ನಾವು ಅಂಜಿ ಹಿಂದೆ ಸರಿಯುತ್ತಲೇ ಇದ್ದೆವು.

“ಗೊತ್ತಿತ್ತು,” ಎಂದಳು ವಿದ್ಯಾ ಕೊನೆಗೆ. “ಯಾರೋ ಹೇಳಿದ್ರು ಕೂಡ. ತಲೆಗೆ ಗೊತ್ತು ಚಿಕ್ಕಮ್ಮ. ಕಾಲಿಗೆ ಗೊತ್ತಿಲ್ಲ.”

ನಾನು ಅದನ್ನು ನೊರೀನ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಎದ್ದು ಹೊರಗೆ ಹೋದರು. ಕಿಟಕಿಯಿಂದ ನೋಡಿದರೆ ಹುಲ್ಲು ಇಳಿಸುತ್ತಿದ್ದ ಟ್ರ್ಯಾಕ್ಟರಿನವನ ಮುಂದೆ ನಿಂತು ಎರಡೂ ಕೈ ಆಡಿಸುತ್ತಿದ್ದರು. ಅವನ ಹೆಸರು ಮಾರ್ಟಿನ್. ಅವನು ಟೋಪಿ ತೆಗೆದು, ತಲೆ ಕೆರೆದು, ಟೋಪಿ ಹಾಕಿಕೊಂಡು, ಟ್ರೇಲರ್ ಬಿಚ್ಚಿದ.

ಮುಂದಿನ ಒಂದು ಗಂಟೆಯನ್ನು ನಾನು ಮೆಟ್ಟಿಲ ಮೇಲೆ, ಆ ಮನೆಯೊಡತಿಯ ಪಕ್ಕ, ಕಾಲಿನ ಮೇಲೆ ನಾಯಿಯ ತಲೆಯಿಟ್ಟುಕೊಂಡು ಕಳೆದೆ ಎಂದು ನೆನಪು. ವಿದ್ಯಾ, ಇಲ್ಲ, ನೀವು ಹಿಂದಿನ ಸೀಟಿನಲ್ಲೇ ಇದ್ದಿರಿ, ನನ್ನ ಕಿವಿಯ ಹತ್ತಿರ ‘ಹೋಗೇ ಹೋಗೇ’ ಎನ್ನುತ್ತಿದ್ದಿರಿ ಎನ್ನುತ್ತಾಳೆ. ಎರಡೂ ನಿಜವಿರಬಹುದು. ನಾಯಿಯ ತಲೆಯ ಭಾರ ತೊಡೆಗೆ ಇನ್ನೂ ಗೊತ್ತು. ಸೀಟಿನ ಹಿಡಿಯನ್ನು ಹಿಡಿದ ಬೆವರು ಕೈಗೂ ಗೊತ್ತು.

ಮಾರ್ಟಿನ್ ಮರಗಳ ದಾರಿಯ ಮಧ್ಯೆ ಬದಿಗೆ ನಿಂತು ಲೈಟ್ ಹೊಡೆಯುವುದು, ವಿದ್ಯಾ ಎದುರಿನಿಂದ ಬಂದು ನಿಲ್ಲದೆ ಹಾದು ಹೋಗುವುದು. ಇಷ್ಟೇ ಪಾಠ. ಮೊದಲ ಸಲ ಬೆಳಕು ಬಿದ್ದ ಕೂಡಲೇ ಕಾರು ಗಕ್ಕನೆ ನಿಂತಿತು. ಎರಡನೆಯ ಸಲವೂ. ಮೂರನೆಯ ಸಲ ನಿಂತು, ನಡುಗಿ, ಹೋಯಿತು. ನಾಲ್ಕನೆಯ ಸಲ ನಿಲ್ಲದೇ ಹೋಯಿತು, ಹೋಗುತ್ತ ಹೋಗುತ್ತ ಮಾರ್ಟಿನ್ನನ ಬೆರಳೆದ್ದಿತು, ವಿದ್ಯಾಳ ಬೆರಳೂ ಎದ್ದಿತು. ಐದನೆಯ ಸಲ ನೊರೀನ್ ಮೋಸ ಮಾಡಿದರು. ಅವರ ಗುಟ್ಟಿನ ಮಾತಿನಂತೆ ಮಾರ್ಟಿನ್ ಲೈಟೂ ಹೊಡೆದ, ಟ್ರ್ಯಾಕ್ಟರನ್ನೂ ಮುಂದೆ ಬಿಟ್ಟ. ವಿದ್ಯಾ ಕೂದಲೆಳೆಯ ಅಂತರದಲ್ಲಿ ನಿಂತಳು. ಸಿಟ್ಟಿನಿಂದ ಅವಳ ಮುಖ ಕೆಂಪಾಯಿತು. ನೊರೀನ್ ಸೀಟಿನಲ್ಲಿ ಕದಲದೆ ಹೇಳಿದರು:

“ಲೈಟ್ ನೋಡಬೇಡ ಮಗಾ. ಚಕ್ರ ನೋಡು. ಲೈಟು ಏನು ಬೇಕಾದ್ರೂ ಹೇಳುತ್ತೆ. ಚಕ್ರ ಸುಳ್ಳು ಹೇಳಲ್ಲ.”

ಆಮೇಲೆ ಎಷ್ಟು ಸಲ ಹೋಗಿ ಬಂದರೋ. ಯಾವ ಸಲ ನಿಜ, ಯಾವ ಸಲ ಮೋಸ ಎಂದು ಮೊದಲೇ ಹೇಳದೆ. ಮರಗಳ ಕೆಳಗೆ ಬಿಸಿಲು ಚುಕ್ಕಿ ಚುಕ್ಕಿಯಾಗಿ ಬಿದ್ದಿತ್ತು. ಪ್ರತಿ ಸಲ ಅವಳು ಸರಿಯಾಗಿ ಹೋದಾಗ ಮನೆಯೊಡತಿ ಸ್ವೆಟರಿನ ತೋಳಿನೊಳಗೇ ಚಪ್ಪಾಳೆ ತಟ್ಟುತ್ತಿದ್ದರು. ನೂರಾರು ವರ್ಷ ಕುದುರೆಗಾಡಿಗಳು ಗಂಭೀರವಾಗಿ ಬಂದ ಆ ದಾರಿಯಲ್ಲಿ ಎಲ್ ಬೋರ್ಡಿನ ಕಾರೊಂದು ಟ್ರ್ಯಾಕ್ಟರಿನ ಜೊತೆ ಕುಣಿಯುತ್ತಿತ್ತು. ನಾನು ಇಷ್ಟು ವರ್ಷ ನೋಡಿದ ಅರಮನೆ, ಕೋಟೆ, ವಸ್ತುಸಂಗ್ರಹಾಲಯಗಳಲ್ಲಿ ಇಂಥ ಸಡಗರವನ್ನು ಕಂಡಿರಲಿಲ್ಲ.

ಲಿಮೆರಿಕ್, ಗುರುವಾರ

ಪರೀಕ್ಷೆಯ ಕೇಂದ್ರ ಊರಂಚಿನಲ್ಲಿ, ಗೋದಾಮುಗಳ ನಡುವೆ. ನಿರೀಕ್ಷಕ ತೆಳ್ಳಗಿನ ಯುವಕ, ಮಾತು ಕಡಿಮೆ. ವಿದ್ಯಾ ಕಾರು ಹತ್ತುವಾಗ ಸ್ಟಿಯರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆತ ತನ್ನ ಟ್ಯಾಬ್ಲೆಟ್ಟಿನಿಂದ ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿದ. ಅದಕ್ಕೂ ಒಂದು ಗುರುತು ಹಾಕಿದನೇನೋ. ಕಾರು ಗೇಟು ದಾಟಿ ಎಡಕ್ಕೆ ತಿರುಗಿ ಮರೆಯಾಯಿತು.

ನಾನೂ ನೊರೀನೂ ಹೊರಗೆ ಕಟ್ಟೆಯ ಮೇಲೆ ಕೂತೆವು. ನಾನು ಊರಿನಿಂದ ತಂದ ಕೋಡುಬಳೆ ಬಿಚ್ಚಿದೆ, ಅವರು ಒಂದನ್ನು ಕೈಯಲ್ಲಿ ಹಿಡಿದು ತಿನ್ನುವುದನ್ನು ಮರೆತರು. ಏನೇನೋ ಮಾತಾಡಿದೆವು. ಹಳೆಯ ಬಸ್ಸಿನ ಬಾಗಿಲು, ಮಳೆ, ಬೆಂಚಿನ ಬಣ್ಣ. ಮಾತಿನ ನಡುವೆ ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು. ಅವರು ಆ ಕಾರಿನಲ್ಲೇ ಇದ್ದರು. ನಾನು ಮಾತ್ರ ಕಟ್ಟೆಯ ಮೇಲಿದ್ದೆ.

ಆ ಹೊತ್ತಿನಲ್ಲಿ ಕಾರಿನೊಳಗೆ ನಡೆದದ್ದು ನನಗೆ ವಿದ್ಯಾಳಿಂದ ಮಾತ್ರ ಗೊತ್ತು, ಅವಳು ಅದನ್ನು ಮೂರು ರೀತಿ ಹೇಳಿದ್ದಾಳೆ. ನಮಗೆ ಹೇಳಿದಾಗ ಕಿರಿದಾದ ಬೀದಿಯಲ್ಲಿ ಹಾಲಿನ ಲಾರಿ ಲೈಟ್ ಹೊಡೆಯಿತು, ಅವಳು ಚಕ್ರ ನೋಡಿದಳು, ಹೋದಳು. ಗಂಡನಿಗೆ ಫೋನಿನಲ್ಲಿ ಹೇಳುವಾಗ ಲಾರಿ ಬಸ್ಸಾಗಿತ್ತು. ನನ್ನ ಅಕ್ಕನಿಗೆ ಹೇಳುವಾಗ ಯಾರೂ ಲೈಟೇ ಹೊಡೆದಿರಲಿಲ್ಲ. ಸುಮ್ಮನೆ ಹೋಗಿ ಬಂದೆ ಅಮ್ಮ, ಏನೂ ಕಷ್ಟ ಇರಲಿಲ್ಲ.

ಕಾರು ವಾಪಸು ಬಂತು. ನಿರೀಕ್ಷಕ ಇಳಿದ. ಅವಳೂ ಇಳಿದಳು, ಒಳಗೆ ಹೋದರು. ಐದು ನಿಮಿಷವೋ ಅರ್ಧ ಗಂಟೆಯೋ. ಹೊರಗೆ ಬಂದಾಗ ಅವಳ ಮುಖ ನೋಡಿ ನನಗೇನೂ ತಿಳಿಯಲಿಲ್ಲ. ಅವಳು ನೇರ ನೊರೀನ್ ಹತ್ತಿರ ಹೋದಳು.

“ಆಯ್ತು ನೊರೀನಮ್ಮ,” ಎಂದಳು, ಕನ್ನಡದಲ್ಲೇ. ಅನುವಾದ ಬೇಕಾಗಲಿಲ್ಲ.

ನೊರೀನ್ ಅವಳ ಗಲ್ಲವನ್ನು ಎರಡೂ ಕೈಯಲ್ಲಿ ಹಿಡಿದರು. ಕೋಡುಬಳೆ ಇನ್ನೂ ಕೈಯಲ್ಲೇ ಇತ್ತು, ಅದು ವಿದ್ಯಾಳ ಕೂದಲಿಗೆ ಸಿಕ್ಕಿಕೊಂಡಿತು. ನಾನು ಅತ್ತೆ. ಯಾಕೆ ಅತ್ತೆನೋ, ಪಾಸಾದದ್ದು ನಾನಲ್ಲ. ವಿದ್ಯಾ ಫೋನ್ ತೆಗೆದು ಆ ಪತ್ರವನ್ನು ಅಳಿಸಿ ನನಗೆ ತೋರಿಸಿದಳು. ಖಾಲಿ ಪರದೆಯನ್ನು ನಾವಿಬ್ಬರೂ ಓದಿದೆವು. ಅಷ್ಟರಲ್ಲಿ ನೊರೀನ್ ಕಾರಿನ ಮುಂದೆ ಮೊಣಕಾಲೂರಿ ಎಲ್ ಬೋರ್ಡಿನ ಅಂಚನ್ನು ಉಗುರಿನಿಂದ ಬಿಡಿಸುತ್ತಿದ್ದರು. ಮುಂದಿನದು, ಆಮೇಲೆ ಹಿಂದಿನದು. ಎರಡನ್ನೂ ಮಡಿಸಿ ಕೈಚೀಲದಲ್ಲಿ ಇಟ್ಟುಕೊಂಡರು.

ವಾಪಸು ಮೋಟರ್‌ವೇಯಲ್ಲಿ ಹೋಗೋಣ ಎಂದಳು ವಿದ್ಯಾ. ಕಣ್ಣು ಹೊಳೆಯುತ್ತಿತ್ತು. ನಾನು ಅಭ್ಯಾಸದಂತೆ ಹಿಂದಿನ ಬಾಗಿಲಿಗೆ ಕೈ ಹಾಕಿದೆ. ನೊರೀನ್ ಆಗಲೇ ಅಲ್ಲಿ ಕೂತಿದ್ದರು, ಬೆಲ್ಟ್ ಹಾಕಿಕೊಂಡು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು.

“ಮುಂದೆ ಕೂತ್ಕೊಳ್ಳಿ ಚಿಕ್ಕಮ್ಮ,” ಎಂದರು. “ಇನ್ಮೇಲೆ ಅಲ್ಲಿ ಯಾರು ಬೇಕಾದ್ರೂ ಕೂರಬಹುದು.”

ನಾಲ್ಕು ದಿನದಲ್ಲಿ ಬಂದ ದಾರಿ ಎರಡೂವರೆ ಗಂಟೆಯಲ್ಲಿ ಮುಗಿಯಿತು. ಒಂದು ಮನೆಯಿಲ್ಲ, ಗೇಟಿಲ್ಲ, ಬೆರಳೆತ್ತುವವರಿಲ್ಲ. ವಿದ್ಯಾ ಹಾಡುತ್ತಿದ್ದಳು. ನಾನೂ ಹಾಡಿದೆ. ಹಿಂದಿನಿಂದ ಸದ್ದಿರಲಿಲ್ಲ. ನೊರೀನ್ ನಿದ್ದೆ ಹೋಗಿದ್ದರೋ, ಕಿಟಕಿಯಾಚೆ ನೋಡುತ್ತಿದ್ದರೋ, ಸಂತೋಷವಾಗಿದ್ದರೋ ಇಲ್ಲವೋ, ಹೇಳಲಾರೆ. ಕನ್ನಡಿ ವಿದ್ಯಾಳ ಕಡೆ ತಿರುಗಿತ್ತು. ಆಮೇಲೆ ಅವಳನ್ನು ಕೇಳಿದೆ. ತಾನು ಹಿಂದೆ ಬರುವ ಗಾಡಿಗಳನ್ನಷ್ಟೇ ನೋಡುತ್ತಿದ್ದೆ ಎಂದಳು. ನಾನು ತಿರುಗಿ ನೋಡಬಹುದಿತ್ತು. ನೋಡಲಿಲ್ಲ. ನೊರೀನ್ ಮುಖದಲ್ಲಿ ಆಗ ಏನಿತ್ತು, ಅದು ನನಗೆ ಗೊತ್ತಿಲ್ಲ.